ಗಂಟೆಮಡುವಿನ ತೆಪ್ಪ: ಒಂದು ಹಳೆಯ ಅಚ್ಚುಚಿತ್ರ ಹೇಳುವ ಇತಿಹಾಸ

ಇತಿಹಾಸದ ಆಧಾರಗಳು ಯಾವುವು ಎಂದು ಕೇಳಿದರೆ ನಮ್ಮ ಎಂಟನೆಯ ತರಗತಿಯ ಮಕ್ಕಳೂ ಶಾಸನ, ತಾಮ್ರಪಟ, ನಾಣ್ಯ, ಸ್ಮಾರಕ, ವಿದೇಶಿ ಪ್ರವಾಸಿಗರ ಬರವಣಿಗೆ ಎಂದು ತಡವರಿಸದೆ ಹೇಳುತ್ತಾರೆ. ಉತ್ತರ ಸರಿಯಾದದ್ದೇ. ಆದರೆ ಬೀದಿಯ ಅಂಗಡಿಯಲ್ಲಿ ನಾಲ್ಕು ಕಾಸಿಗೆ ಮಾರಾಟವಾದ ಒಂದು ಚಿತ್ರದ ಹಾಳೆಯನ್ನು ಈ ಪಟ್ಟಿಗೆ ಸೇರಿಸುವವರು ಕಡಿಮೆ. ಅದರಲ್ಲೂ ಆ ಚಿತ್ರದಲ್ಲಿ ರಾಜನಿಲ್ಲ, ಯುದ್ಧವಿಲ್ಲ, ಬರೀ ಒಂದು ನದಿ, ಒಂದು ಮರದ ಕೊಂಬೆ, ತೆಪ್ಪ ನಡೆಸುವ ಒಬ್ಬ ಮನುಷ್ಯ ಇದ್ದರೆ, ಇದರಲ್ಲಿ ಇತಿಹಾಸ ಎಲ್ಲಿದೆ ಎಂದು ಕೇಳುವುದು ಸಹಜ. ಅಂಥದೊಂದು ಹಾಳೆಯನ್ನು ಎದುರಿಗಿಟ್ಟುಕೊಂಡು ಆ ಪ್ರಶ್ನೆಗೆ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ.

ನಾನು ಆರಿಸಿಕೊಂಡಿರುವುದು ಜಪಾನಿನ ಚಿತ್ರಕಾರ ಹಿರೋಶಿಗೆ ರಚಿಸಿದ, 1857ರಲ್ಲಿ ಪ್ರಕಟವಾದ ಮರದಚ್ಚಿನ ಚಿತ್ರ. ‘ಎಡೊ ನಗರದ ನೂರು ಪ್ರಸಿದ್ಧ ನೋಟಗಳು’ ಎಂಬ ಚಿತ್ರಮಾಲೆಯಲ್ಲಿ ಇದೂ ಒಂದು. ಎಡೊ ಎಂದರೆ ಇಂದಿನ ಟೋಕಿಯೊ. ಚಿತ್ರದ ಹೆಸರು ‘ಅಯಾಸೆ ನದಿ, ಕನೆಗಾಫುಚಿ’. ಜಪಾನಿ ಭಾಷೆಯಲ್ಲಿ ‘ಕನೆ’ ಎಂದರೆ ಗಂಟೆ, ‘ಫುಚಿ’ ಎಂದರೆ ಮಡು. ದೇವಾಲಯವೊಂದರ ದೊಡ್ಡ ಗಂಟೆ ಅಲ್ಲಿ ನೀರಿಗೆ ಬಿದ್ದು ಮುಳುಗಿತೆಂಬ ಐತಿಹ್ಯದಿಂದ ಆ ಜಾಗಕ್ಕೆ ಈ ಹೆಸರು ಬಂತು. ಕನ್ನಡದಲ್ಲಿ ಅದನ್ನು ಗಂಟೆಮಡು ಎಂದು ಕರೆಯಬಹುದು. ನದಿಯ ಆಳವಾದ ಜಾಗಕ್ಕೆಲ್ಲ ಒಂದೊಂದು ಕಥೆ ಕಟ್ಟಿಕೊಂಡಿರುವ ನಮ್ಮ ಜನಕ್ಕೆ ಇದು ಹೊಸದೆನಿಸಲಾರದು.

ಚಿತ್ರದಲ್ಲಿ ಏನಿದೆ

ಹಾಳೆ ಉದ್ದಕ್ಕೆ ನಿಂತ ಆಕಾರದ್ದು. ನಮ್ಮ ಶಾಲೆಯ ಚಿತ್ರಕಲೆಯ ಹಾಳೆಗಿಂತ ತುಸು ದೊಡ್ಡದು. ಮೇಲ್ಭಾಗದಲ್ಲಿ ಕಣ್ಣಿಗೆ ತೀರ ಹತ್ತಿರವಾಗಿ ಒಂದು ಮರದ ಕೊಂಬೆಗಳು ಇಳಿಬಿದ್ದಿವೆ. ಸಣ್ಣ ಸಣ್ಣ ಎಲೆ, ರೇಷ್ಮೆ ಕುಚ್ಚಿನಂತಹ ತಿಳಿಗೆಂಪು ಹೂ. ಅದರ ಕೆಳಗೆ ಅಗಲವಾದ ಸುಮಿದಾ ನದಿ. ಆಚೆ ದಡದಲ್ಲಿ ಅಯಾಸೆ ಎಂಬ ಚಿಕ್ಕ ನದಿ ಬಂದು ಅದನ್ನು ಕೂಡುತ್ತದೆ. ನಡುನೀರಿನಲ್ಲಿ ಒಬ್ಬ ಮನುಷ್ಯ ಮರದ ದಿಮ್ಮಿಗಳನ್ನು ಬಿಗಿದು ಕಟ್ಟಿದ ತೆಪ್ಪದ ಮೇಲೆ ನಿಂತು ಗಳ ಹಾಕುತ್ತಿದ್ದಾನೆ. ನೀರಿನ ಮೇಲೆ ಬೆಳ್ಳಕ್ಕಿಯ ಹಾರಾಟ. ಇಷ್ಟೇ.

ಆ ಮರವನ್ನು ಜಪಾನಿನವರು ‘ನೆಮುನೊಕಿ’, ಅಂದರೆ ನಿದ್ದೆಯ ಮರ ಎನ್ನುತ್ತಾರೆ. ಸಂಜೆಯಾದರೆ ಅದರ ಎಲೆಗಳು ಮಡಚಿಕೊಳ್ಳುತ್ತವೆ. ನಮ್ಮ ಹೊಲದ ಬದುಗಳಲ್ಲಿ, ರಸ್ತೆಬದಿಗಳಲ್ಲಿ ಬೆಳೆಯುವ ಬಾಗೆಮರ ಇದರ ಹತ್ತಿರದ ಬಂಧು. ನಮ್ಮ ಕಾವ್ಯಗಳಲ್ಲಿ ಕೋಮಲತೆಗೆ ಹೋಲಿಕೆಯಾಗಿ ಬರುವ ಶಿರೀಷ ಇದೇ ಬಾಗೆ. ಹೀಗಾಗಿ ದೂರದೇಶದ ಚಿತ್ರವಾದರೂ ಮೇಲಿನ ಅರ್ಧವನ್ನು ನಮ್ಮ ಊರಿನವರು ಯಾರೂ ಗುರುತಿಸಬಲ್ಲರು.

ನೋಡಿದವರಿಗೆ ಮೊದಲು ತಟ್ಟುವುದು ಇಲ್ಲಿನ ನೆಮ್ಮದಿ. ಗದ್ದಲವಿಲ್ಲ, ಅವಸರವಿಲ್ಲ. ಲೋಕದಲ್ಲಿ ಏನೂ ನಡೆದೇ ಇಲ್ಲವೇನೋ ಎಂಬಂತಹ ಶಾಂತಿ. ಇತಿಹಾಸದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಇದನ್ನು ಮಾಡಿದಾಗ ಆ ಊರು ನಿಜವಾಗಿಯೂ ಹೀಗೆ ನೆಮ್ಮದಿಯಿಂದ ಇತ್ತೇ?

ಮುದ್ರೆ ಹೇಳುವ ತಾರೀಖು

ಆ ಕಾಲದ ಜಪಾನಿನಲ್ಲಿ ಯಾವ ಚಿತ್ರವನ್ನೂ ಪರಿಶೀಲನೆ ಇಲ್ಲದೆ ಮಾರುವಂತಿರಲಿಲ್ಲ. ಪರಿಶೀಲಿಸಿದ ಗುರುತಿಗೆ ಒಂದು ಮುದ್ರೆ, ವರ್ಷ-ತಿಂಗಳಿಗೆ ಇನ್ನೊಂದು ಮುದ್ರೆ ಹಾಳೆಯಲ್ಲಿಯೇ ಇರುತ್ತಿದ್ದವು. ಸರ್ಕಾರ ತನ್ನ ಕಾವಲಿಗೆಂದು ಹಾಕಿಸಿದ ಈ ಮುದ್ರೆಗಳೇ ಇಂದು ಸಂಶೋಧಕರಿಗೆ ಶಾಸನದ ಕೊನೆಯ ಸಾಲಿನಷ್ಟು ಉಪಯುಕ್ತವಾಗಿವೆ. ಗಂಟೆಮಡುವಿನ ಚಿತ್ರದ ತಾರೀಖು ಸರ್ಪ ಸಂವತ್ಸರದ ಏಳನೆಯ ತಿಂಗಳು. ನಮ್ಮ ಲೆಕ್ಕಕ್ಕೆ 1857ರ ಆಗಸ್ಟ್-ಸೆಪ್ಟೆಂಬರ್.

ಈ ವರ್ಷವನ್ನು ಭಾರತದ ಯಾವ ವಿದ್ಯಾರ್ಥಿಯೂ ಮರೆಯಲಾರ. ಆ ವಾರಗಳಲ್ಲಿ ದೆಹಲಿಯ ಮುತ್ತಿಗೆ ಅಂತಿಮ ಘಟ್ಟಕ್ಕೆ ಬಂದಿತ್ತು. ಕೆಲವೇ ತಿಂಗಳಲ್ಲಿ ನಮ್ಮ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲವೆಂದು ಎದ್ದು ನಿಂತರು. ಮರುವರ್ಷ ನರಗುಂದ ಸಿಡಿಯಿತು. ಜಪಾನಿನಲ್ಲಿಯೂ ಕಾಲ ಸುಮ್ಮನಿರಲಿಲ್ಲ. ಎರಡು ಶತಮಾನಕ್ಕೂ ಹೆಚ್ಚು ಕಾಲ ವಿದೇಶಿಯರಿಗೆ ಬಹುಮಟ್ಟಿಗೆ ಬಾಗಿಲು ಮುಚ್ಚಿಕೊಂಡಿದ್ದ ಆ ದೇಶದ ಕಡಲಿಗೆ 1853ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿ ಯುದ್ಧದ ಹಡಗುಗಳೊಂದಿಗೆ ಬಂದಿದ್ದ. 1854ರಲ್ಲಿ ಒಪ್ಪಂದವಾಯಿತು. ಪಶ್ಚಿಮದ ಶಕ್ತಿಗಳು ಬಾಗಿಲಿಗೆ ಬಂದಾಗ ಏನು ಮಾಡಬೇಕೆಂಬ ಚಿಂತೆ ಎರಡೂ ದೇಶಗಳನ್ನು ಬೇರೆ ಬೇರೆ ರೀತಿಯಲ್ಲಿ ಕಾಡುತ್ತಿತ್ತು.

ನೆಲ ನಡುಗಿದ ರಾತ್ರಿ

ಎಡೊ ನಗರದ ಸಾಮಾನ್ಯ ಜನರಿಗೆ ಹಡಗಿಗಿಂತ ಹತ್ತಿರದ ಸಂಕಟ ಇನ್ನೊಂದಿತ್ತು. 1855ರ ನವೆಂಬರ್ 11ರ ರಾತ್ರಿ ಸುಮಾರು ಹತ್ತು ಗಂಟೆಗೆ ನಗರದಲ್ಲಿ ಭೂಕಂಪವಾಯಿತು. ಅಂದಿನ ಎಡೊ ಸುಮಾರು ಹತ್ತು ಲಕ್ಷ ಜನರಿದ್ದ ನಗರ. ಮನೆಗಳೆಲ್ಲ ಮರ ಮತ್ತು ಕಾಗದದವು. ಉರಿಯುತ್ತಿದ್ದ ದೀಪ, ಒಲೆಗಳಿಂದ ಹಲವು ಕಡೆ ಒಂದೇ ಸಲಕ್ಕೆ ಬೆಂಕಿ ಹತ್ತಿತು. ಸತ್ತವರ ಸಂಖ್ಯೆ 7,000ಕ್ಕೂ ಹೆಚ್ಚು ಎಂಬುದು ಸಾಮಾನ್ಯ ಅಂದಾಜು. ಸಾವಿರಾರು ಮನೆಗಳು ಬಿದ್ದವು, ಸುಟ್ಟವು. ಸಾಲದ್ದಕ್ಕೆ 1856ರ ಸೆಪ್ಟೆಂಬರಿನಲ್ಲಿ ಭಾರಿ ಚಂಡಮಾರುತ ಬಂದು, ಅದುವರೆಗೆ ಎದ್ದಿದ್ದನ್ನೂ ಕೆಡವಿತು.

ಭೂಕಂಪವಾದ ಕೆಲವೇ ದಿನಗಳಲ್ಲಿ ಎಡೊ ಬೀದಿಗಳಲ್ಲಿ ಒಂದು ವಿಚಿತ್ರ ಬಗೆಯ ಚಿತ್ರಗಳು ಮಾರಾಟಕ್ಕೆ ಬಂದವು. ಭೂಮಿಯ ಅಡಿಯಲ್ಲಿ ದೈತ್ಯ ಮೀನೊಂದು ಮಲಗಿದೆ, ಅದು ಹೊರಳಿದರೆ ನೆಲ ನಡುಗುತ್ತದೆ ಎಂಬುದು ಅಲ್ಲಿಯ ಜನರ ನಂಬಿಕೆ. ಭೂಮಿಯನ್ನು ಆದಿಶೇಷ ಹೊತ್ತಿದ್ದಾನೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದಂತೆ. ಆ ಮೀನನ್ನು ಜನ ಹೊಡೆಯುವುದು, ಬಯ್ಯುವುದು ಕೆಲವು ಚಿತ್ರಗಳಲ್ಲಿದ್ದರೆ, ಇನ್ನು ಕೆಲವದರಲ್ಲಿ ಬಡಗಿಗಳು, ಗಾರೆಯವರು, ಮರದ ವ್ಯಾಪಾರಿಗಳು ಅದೇ ಮೀನಿಗೆ ಕೈಮುಗಿಯುತ್ತಾರೆ. ಯಾಕೆಂದರೆ ಊರು ಬಿದ್ದರೆ ಅವರಿಗೆ ಕೈತುಂಬ ಕೆಲಸ. ಕಷ್ಟದ ನಡುವೆಯೂ ಇಂಥ ಕುಹಕ ಮಾಡಿದ ಜನರ ಧೈರ್ಯ ಮೆಚ್ಚುವಂಥದ್ದು. ಪರಿಶೀಲನೆಯ ಮುದ್ರೆಯಾಗಲಿ ಚಿತ್ರಕಾರನ ಹೆಸರಾಗಲಿ ಇಲ್ಲದ ಈ ಹಾಳೆಗಳನ್ನು ಸರ್ಕಾರ ಸುಮಾರು ಎರಡು ತಿಂಗಳಲ್ಲಿ ಅಡಗಿಸಿತು.

ಹಿರೋಶಿಗೆಯ ನೂರು ನೋಟಗಳ ಮಾಲೆ ಆರಂಭವಾದದ್ದು 1856ರ ಮೊದಲ ತಿಂಗಳುಗಳಲ್ಲಿ. ಎಂದರೆ ಭೂಕಂಪವಾಗಿ ಇನ್ನೂ ಅರ್ಧ ವರ್ಷವೂ ಕಳೆದಿರಲಿಲ್ಲ. ಅವನು ಬಿದ್ದ ಗೋಡೆಗಳನ್ನು ಬರೆಯಲಿಲ್ಲ. ಹೂಬಿಟ್ಟ ತೋಟ, ಸೇತುವೆ, ಹಬ್ಬ, ಹಿಮ, ಮಳೆ, ದೋಣಿಗಳನ್ನು ಬರೆದ. ಆದರೂ ಅವನ ಕೆಲವು ಹಾಳೆಗಳು ಊರಿನ ದುರಸ್ತಿಯ ಜೊತೆಜೊತೆಗೇ ಬಂದಿವೆ. ಅಸಾಕುಸಾ ದೇವಾಲಯದ ಐದಂತಸ್ತಿನ ಗೋಪುರದ ತುದಿಯ ಕಳಸ ಭೂಕಂಪದಲ್ಲಿ ಬಾಗಿತ್ತು. 1856ರಲ್ಲಿ ಅದನ್ನು ಸರಿಪಡಿಸಿದರು. ಅದಾದ ಸ್ವಲ್ಪ ದಿನಕ್ಕೇ ಹಿರೋಶಿಗೆಯ ಚಿತ್ರದಲ್ಲಿ ಆ ಗೋಪುರ ನೆಟ್ಟಗಿನ ಕಳಸದೊಂದಿಗೆ ಕಾಣಿಸಿಕೊಂಡಿತು. ಇಂಥ ಸಾಕ್ಷ್ಯಗಳನ್ನು ಗಮನಿಸಿ, ಈ ಮಾಲೆ ಊರು ಮತ್ತೆ ಎದ್ದು ನಿಲ್ಲುವುದನ್ನು ಹಾರೈಸಿದ ಕೃತಿ ಎಂದು ಕೆಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ.

ಈಗ ಗಂಟೆಮಡುವಿನ ತೆಪ್ಪವನ್ನು ಮತ್ತೊಮ್ಮೆ ನೋಡಬೇಕು. ಅದು ಜನರನ್ನು ದಾಟಿಸುವ ತೆಪ್ಪವಲ್ಲ. ದಿಮ್ಮಿಗಳೇ ತೆಪ್ಪ, ದಿಮ್ಮಿಗಳೇ ಸರಕು. ಎಡೊ ನಗರಕ್ಕೆ ಬೇಕಾದ ಮರ ಪಶ್ಚಿಮದ ಗುಡ್ಡಗಾಡುಗಳಿಂದ ಹೀಗೆಯೇ ಹೊಳೆಯ ಮೇಲೆ ತೇಲಿ ಬರುತ್ತಿತ್ತು. ನಗರದ ಮರದ ಮಂಡಿಗಳು ಸುಮಿದಾ ನದಿಯ ಕೆಳಭಾಗದಲ್ಲಿ ಕಿಬಾ ಎಂಬಲ್ಲಿದ್ದವು. ಕಿಬಾ ಎಂದರೆ ಮರದ ಜಾಗ ಎಂದೇ ಅರ್ಥ. ಬೆಂಕಿಯ ಭಯದಿಂದ ಮಂಡಿಗಳನ್ನು ಊರ ನಡುವಿನಿಂದ ಹೊಳೆಯಾಚೆಗೆ ಕಳಿಸಿದ್ದರು. ಚಿತ್ರದಲ್ಲಿರುವ ದಿಮ್ಮಿ ಯಾರ ಮನೆಯ ತೊಲೆಯಾಯಿತು ಎಂಬುದನ್ನು ಚಿತ್ರ ಹೇಳುವುದಿಲ್ಲ. ಆದರೆ 1857ರಲ್ಲಿ, ಭೂಕಂಪವೂ ಚಂಡಮಾರುತವೂ ಹಾಯ್ದುಹೋದ ಊರಿನಲ್ಲಿ ಈ ಹಾಳೆಯನ್ನು ಕೊಂಡವನಿಗೆ ಹೊಳೆಯಲ್ಲಿ ಬರುವ ಮರ ಏನೆಂದು ಬೇರೆ ವಿವರಿಸಬೇಕಿರಲಿಲ್ಲ. ಅವನ ಬೀದಿಯಲ್ಲಿ ದಿನವೂ ಗರಗಸದ ಸದ್ದು ಕೇಳುತ್ತಿದ್ದಿರಬೇಕು. ನಮಗೆ ಬರೀ ವಿಶ್ರಾಂತಿಯಾಗಿ ಕಾಣುವುದು ಅವನಿಗೆ ಊರು ಕಟ್ಟುವ ಕೆಲಸವಾಗಿಯೂ ಕಂಡಿರಬೇಕು.

ಬೆಂಕಿ ಆರಿಸುವ ಮನೆಯ ಮಗ

ಇದನ್ನು ಬರೆದವನ ಹಿನ್ನೆಲೆಯನ್ನು ತಿಳಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಹಿರೋಶಿಗೆ 1797ರಲ್ಲಿ ಎಡೊ ನಗರದ ಅಗ್ನಿಶಾಮಕ ದಳದ ವಸತಿಯಲ್ಲಿಯೇ ಹುಟ್ಟಿದವನು. ತಂದೆ ಆ ದಳದ ಚಿಕ್ಕ ಅಧಿಕಾರಿ. ‘ಬೆಂಕಿಯೇ ಎಡೊ ನಗರದ ಹೂವು’ ಎಂಬ ಗಾದೆ ಇದ್ದ ಊರು ಅದು. 1657ರ ಮಹಾಗ್ನಿಯಲ್ಲಿ ಅಲ್ಲಿ ಸುಮಾರು ಒಂದು ಲಕ್ಷ ಜನ ಸತ್ತಿದ್ದರೆಂದು ಹೇಳುತ್ತಾರೆ. 1809ರಲ್ಲಿ ಹುಡುಗ ತಾಯಿಯನ್ನೂ ತಂದೆಯನ್ನೂ ಒಂದೇ ವರ್ಷದಲ್ಲಿ ಕಳೆದುಕೊಂಡ. ತಂದೆಯ ಹುದ್ದೆ ವಂಶಪಾರಂಪರ್ಯವಾದದ್ದು. ನಮ್ಮ ಶಾಲೆಗೆ ಎಂಟನೆಯ ತರಗತಿಗೆ ಸೇರುವ ಮಕ್ಕಳ ವಯಸ್ಸಿನಲ್ಲಿ ಅವನ ಹೆಗಲಿಗೆ ಅದು ಬಿತ್ತು. ಎರಡು ವರ್ಷದ ನಂತರ ಟೊಯೊಹಿರೊ ಎಂಬ ಗುರುವಿನ ಬಳಿ ಚಿತ್ರ ಕಲಿಯಲು ಸೇರಿದ. ಹಲವು ವರ್ಷ ನೌಕರಿಯನ್ನೂ ಕುಂಚವನ್ನೂ ಒಟ್ಟಿಗೆ ನಡೆಸಿಕೊಂಡು ಬಂದ. 1830ರ ದಶಕದಲ್ಲಿ ಎಡೊ-ಕ್ಯೋಟೊ ನಡುವಿನ ಟೊಕೈಡೊ ಹೆದ್ದಾರಿಯ ತಂಗುದಾಣಗಳ ಚಿತ್ರಮಾಲೆ ಬಂದ ಮೇಲೆ ಅವನ ಹೆಸರು ಮನೆಮಾತಾಯಿತು.

ನೂರು ನೋಟಗಳನ್ನು ಆರಂಭಿಸಿದ 1856ರಲ್ಲಿ ಅವನು ತಲೆ ಬೋಳಿಸಿಕೊಂಡು ಬೌದ್ಧ ಸಂನ್ಯಾಸದ ದೀಕ್ಷೆ ಪಡೆದಿದ್ದ. ಊರು ಉರಿಯುವುದನ್ನು ಚಿಕ್ಕಂದಿನಿಂದ ಹತ್ತಿರದಿಂದ ಕಂಡಿದ್ದ, ಅರವತ್ತರ ಸಮೀಪದ ಮನುಷ್ಯ ಈ ನದೀತೀರವನ್ನು ಬರೆದ. ಈ ಶಾಂತಿಯನ್ನು ಅವನು ಏನೂ ತಿಳಿಯದೆ ಬರೆದದ್ದಲ್ಲ ಎಂಬುದನ್ನು ನಾವು ನೆನಪಿಡಬೇಕು.

ಒಂದು ಹಾಳೆ, ಹಲವು ಕೈ

ಚಿತ್ರದ ಮೇಲೆ ಹಿರೋಶಿಗೆಯ ಹೆಸರಿದ್ದರೂ ಇದು ಅವನೊಬ್ಬನ ಕೆಲಸವಲ್ಲ. ಮರದಚ್ಚಿನ ಚಿತ್ರಕ್ಕೆ ನಾಲ್ವರು ಬೇಕು. ಬಂಡವಾಳ ಹಾಕಿ ಮಾರುವ ಪ್ರಕಾಶಕ, ಚಿತ್ರಕಾರ, ಕೆತ್ತನೆಗಾರ, ಅಚ್ಚು ಹಾಕುವವನು. ಈ ಮಾಲೆಯ ಪ್ರಕಾಶಕ ಉವೊಯಾ ಎಯ್ಕಿಚಿ.

ಚಿತ್ರಕಾರ ತೆಳುವಾದ ಕಾಗದದ ಮೇಲೆ ಶಾಯಿಯಲ್ಲಿ ಗೆರೆಗಳನ್ನು ಬರೆದುಕೊಡುತ್ತಾನೆ. ಕೆತ್ತನೆಗಾರ ಅದನ್ನು ಚೆರ್ರಿ ಮರದ ನಯವಾದ ಹಲಗೆಗೆ ಬೋರಲಾಗಿ ಅಂಟಿಸಿ, ಗೆರೆಗಳನ್ನು ಉಳಿಸಿ ಮಿಕ್ಕ ಜಾಗವನ್ನೆಲ್ಲ ಕೆತ್ತಿ ತೆಗೆಯುತ್ತಾನೆ. ಕೆತ್ತುವಾಗ ಆ ಮೂಲ ಕಾಗದ ಚೂರುಚೂರಾಗಿ ಹೋಗುತ್ತದೆ. ಚಿತ್ರಕಾರನ ಕೈಬರಹ ನಾಶವಾಗದೆ ಅಚ್ಚು ಹುಟ್ಟುವುದಿಲ್ಲ. ಆ ಗೆರೆಯ ಅಚ್ಚಿನಿಂದ ಕೆಲವು ಪ್ರತಿ ತೆಗೆದು, ಎಲ್ಲೆಲ್ಲಿ ಯಾವ ಬಣ್ಣ ಎಂದು ಚಿತ್ರಕಾರ ಗುರುತು ಮಾಡುತ್ತಾನೆ. ಒಂದೊಂದು ಬಣ್ಣಕ್ಕೂ ಪ್ರತ್ಯೇಕ ಕೆತ್ತನೆ. ಪ್ರತಿ ಹಲಗೆಯ ಮೂಲೆಯಲ್ಲಿ ಮತ್ತು ಅಂಚಿನಲ್ಲಿ ಕಾಗದ ಕೂರಿಸಲು ಸಣ್ಣ ಗುರುತು ಕೆತ್ತಿರುತ್ತಾರೆ. ಅದು ಒಂದು ಎಳೆ ತಪ್ಪಿದರೆ ಬಣ್ಣ ಗೆರೆಯಿಂದ ಆಚೆ ಬೀಳುತ್ತದೆ.

ಯಂತ್ರವೆಂಬುದು ಇಲ್ಲಿ ಇಲ್ಲವೇ ಇಲ್ಲ. ಹಲಗೆಗೆ ಬಣ್ಣ ಬಳಿದು, ಹಿಪ್ಪುನೇರಳೆಯ ಜಾತಿಯ ಗಿಡದ ನಾರಿನಿಂದ ಮಾಡಿದ ಗಟ್ಟಿ ಕಾಗದವನ್ನು ಮೇಲೆ ಹಾಸಿ, ಬಿದಿರಿನ ಹೊರಪೊರೆ ಸುತ್ತಿದ ದುಂಡನೆಯ ಚಪ್ಪಟೆ ಸಾಧನವನ್ನು ಅಂಗೈಯಲ್ಲಿ ಹಿಡಿದು ಉಜ್ಜುತ್ತಾರೆ. ಹಿರೋಶಿಗೆಯ ಚಿತ್ರಗಳಲ್ಲಿ ನದಿಯ ನೀಲಿ ಒಂದು ಕಡೆ ದಟ್ಟವಾಗಿದ್ದು ಮೆಲ್ಲಗೆ ತಿಳಿಯಾಗುತ್ತ ಬಿಳಿಯಲ್ಲಿ ಕರಗುವುದನ್ನು ಕಾಣುತ್ತೇವೆ. ಅದು ಕೆತ್ತನೆಯಿಂದ ಬರುವುದಿಲ್ಲ. ಅಚ್ಚು ಹಾಕುವವನು ಪ್ರತಿ ಸಲವೂ ಹಲಗೆಯ ಮೇಲಿನ ಬಣ್ಣವನ್ನು ಒದ್ದೆ ಬಟ್ಟೆಯಿಂದಲೋ ಕುಂಚದಿಂದಲೋ ಹದವಾಗಿ ಒರೆಸಿ ತರುವ ಪರಿಣಾಮ. ಆದ್ದರಿಂದ ಎರಡು ಪ್ರತಿಗಳು ಪೂರ್ತಿ ಒಂದೇ ತೆರನಾಗಿ ಇರುವುದಿಲ್ಲ. ನಾವು ಮೆಚ್ಚುವ ನದಿಯ ನೆಮ್ಮದಿಯಲ್ಲಿ ಅರ್ಧ ಪಾಲು ಆ ಕಾರ್ಮಿಕನ ಮಣಿಕಟ್ಟಿನದು. ಅವನ ಹೆಸರು ಹಾಳೆಯ ಮೇಲೆ ಸಾಮಾನ್ಯವಾಗಿ ಇರುತ್ತಿರಲಿಲ್ಲ.

ಆ ನೀಲಿಗೂ ಒಂದು ಚರಿತ್ರೆ ಇದೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಬರ್ಲಿನ್ನಿನಲ್ಲಿ ಕಂಡುಹಿಡಿದ ಪ್ರಷ್ಯನ್ ನೀಲಿ ಎಂಬ ಬಣ್ಣ ಡಚ್ಚರ ಮತ್ತು ಚೀನೀಯರ ಹಡಗುಗಳಲ್ಲಿ ನಾಗಾಸಾಕಿ ಬಂದರಿಗೆ ಬಂತು. 1830ರ ಹೊತ್ತಿಗೆ ಅಗ್ಗವಾಗಿ ಸಿಗತೊಡಗಿತು. ಬಾಗಿಲು ಮುಚ್ಚಿದ್ದ ದೇಶವೆಂದು ನಾವು ಓದುವ ಜಪಾನಿನ ಅತ್ಯಂತ ಜಪಾನೀಯವೆನಿಸುವ ಚಿತ್ರಗಳ ನೀಲಿ ಯುರೋಪಿನದು. ಸಣ್ಣ ಸಂದಿಯೊಂದಿದ್ದರೆ ಸಾಕು, ಬಣ್ಣವೂ ವಿದ್ಯೆಯೂ ಒಳಗೆ ಬಂದೇ ಬರುತ್ತವೆ.

ಬೆಲೆಯ ವಿಷಯ. ಇಂಥ ಹಾಳೆಯೊಂದಕ್ಕೆ ಸಾಮಾನ್ಯವಾಗಿ ಇಪ್ಪತ್ತು ‘ಮೊನ್’ ನಾಣ್ಯದ ಆಸುಪಾಸು. ಬೀದಿಯಲ್ಲಿ ಒಂದು ಬಟ್ಟಲು ‘ಸೋಬಾ’, ಅಂದರೆ ಶ್ಯಾವಿಗೆಯಂತಹ ತಿನಿಸಿಗೆ ಹದಿನಾರು ಮೊನ್. ಹೆಚ್ಚುಕಡಿಮೆ ಒಂದು ಹೊತ್ತಿನ ತಿಂಡಿಯ ದುಡ್ಡಿಗೆ ಕೂಲಿಯವನೂ ಒಂದು ನದಿಯನ್ನು ಮನೆಗೆ ಒಯ್ಯಬಹುದಿತ್ತು. ಜನ ಕೊಂಡರು. ಹೆಸರಿಗೆ ನೂರು ನೋಟಗಳಾದರೂ ಬೇಡಿಕೆ ಇದ್ದದ್ದರಿಂದ ಮಾಲೆ ನೂರಕ್ಕೆ ನಿಲ್ಲದೆ 118ರವರೆಗೆ ಬೆಳೆಯಿತು.

ಆಮೇಲಿನ ಕಥೆ

1858ರಲ್ಲಿ ಎಡೊ ನಗರಕ್ಕೆ ಕಾಲರಾ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಹಿರೋಶಿಗೆ ತೀರಿಕೊಂಡ. ಹತ್ತು ವರ್ಷಗಳಲ್ಲಿ, 1868ರಲ್ಲಿ, ಹಳೆಯ ಆಡಳಿತ ಉರುಳಿ ಎಡೊ ಟೋಕಿಯೊ ಆಯಿತು. ಅವನ ಚಿತ್ರಗಳು ಯುರೋಪಿಗೆ ಹೋದವು. 1887ರಲ್ಲಿ ಪ್ಯಾರಿಸಿನಲ್ಲಿದ್ದ ವಿನ್ಸೆಂಟ್ ವ್ಯಾನ್ ಗೋ ಇದೇ ಮಾಲೆಯ ಎರಡು ಚಿತ್ರಗಳನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡಿ ಅಭ್ಯಾಸ ಮಾಡಿದ. ತಿಂಡಿಯ ಬೆಲೆಯ ಹಾಳೆ ದೊಡ್ಡ ಚಿತ್ರಕಾರರಿಗೆ ಪಾಠವಾಯಿತು.

ಗಂಟೆಮಡುವಿನ ದಡವೂ ಹಾಗೆಯೇ ಉಳಿಯಲಿಲ್ಲ. 1889ರಲ್ಲಿ ಅಲ್ಲಿ ನೂಲಿನ ಗಿರಣಿ ಎದ್ದಿತು. ಕನೆಗಾಫುಚಿ ಎಂಬ ಊರ ಹೆಸರೇ ಕಂಪನಿಯ ಹೆಸರಾಗಿ, ಮುಂದೆ ಕನೆಬೊ ಎಂದು ಜಗತ್ತಿಗೆ ಪರಿಚಯವಾಯಿತು. 1893ರಲ್ಲಿ ಜೆಮ್‌ಷೆಟ್‌ಜಿ ಟಾಟಾ ಅವರ ಪ್ರಯತ್ನದಿಂದ ಮುಂಬಯಿ ಮತ್ತು ಜಪಾನಿನ ನಡುವೆ ಹಡಗಿನ ಮಾರ್ಗ ತೆರೆದು, ಭಾರತದ ಹತ್ತಿ ಜಪಾನಿನ ಗಿರಣಿಗಳಿಗೆ ಹೋಗತೊಡಗಿತು. 1910ರ ಮಹಾಪ್ರವಾಹದ ನಂತರ ನೆರೆಯ ನೀರನ್ನು ಸಾಗಿಸಲು ತೋಡಿದ ದೊಡ್ಡ ಕಾಲುವೆ ಅಯಾಸೆ ನದಿಯ ಹರಿವನ್ನೇ ಬದಲಿಸಿತು. 1923ರ ಭೂಕಂಪ, 1945ರ ಮಾರ್ಚಿನ ಬಾಂಬು ದಾಳಿ ಸುಮಿದಾ ನದಿಯ ಎರಡೂ ದಡಗಳನ್ನು ಮತ್ತೆ ಸುಟ್ಟವು. ಹಿರೋಶಿಗೆ ಕಂಡ ನದೀತೀರ ಇಂದು ಹುಡುಕಿದರೆ ಸಿಗುವುದು ಕಾಗದದ ಮೇಲೆ ಮಾತ್ರ.

ನಮಗೇನು?

ಹಳೆಯ ಚಿತ್ರವನ್ನಾಗಲಿ ಫೋಟೋವನ್ನಾಗಲಿ ನೋಡಿದಾಗ ನಮ್ಮ ಮಕ್ಕಳು ಕೆಲವು ಪ್ರಶ್ನೆ ಕೇಳುವುದನ್ನು ರೂಢಿಸಿಕೊಳ್ಳಬೇಕು. ಇದನ್ನು ಯಾವಾಗ ಮಾಡಿದರು? ಆಗ ಆ ಊರಿನಲ್ಲಿ ಏನು ನಡೆದಿತ್ತು? ಯಾರ ಕೈ ಕೆಲಸ ಮಾಡಿದೆ, ಯಾರ ಹೆಸರು ಬಿಟ್ಟುಹೋಗಿದೆ? ಯಾರು ಕೊಂಡರು, ಎಷ್ಟು ಕೊಟ್ಟರು? ಚಿತ್ರದಲ್ಲಿ ಕಾಣುವುದು ಎಷ್ಟು, ನಾವು ಊಹಿಸುವುದು ಎಷ್ಟು? ಇಷ್ಟು ಕೇಳಿದ್ದಕ್ಕೆ ಒಂದು ತೆಪ್ಪದ ಚಿತ್ರದಿಂದ ಭೂಕಂಪ, ಮರದ ಮಂಡಿ, ಬರ್ಲಿನ್ನಿನ ಬಣ್ಣ, ಮುಂಬಯಿಯ ಹತ್ತಿಯವರೆಗೆ ನಾವು ಬಂದೆವು.

ಶಾಲೆಯ ಐವತ್ತು ವರ್ಷಗಳ ಈ ಸಂಭ್ರಮದಲ್ಲಿ ಹಳೆಯ ವಿದ್ಯಾರ್ಥಿಗಳಲ್ಲಿ ಮತ್ತು ಗ್ರಾಮಸ್ಥರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಟ್ರಂಕಿನಲ್ಲಿ, ಅಟ್ಟದ ಮೇಲೆ ಹಳೆಯ ತರಗತಿಯ ಗುಂಪು ಫೋಟೋ, ವಾರ್ಷಿಕೋತ್ಸವದ ಕರಪತ್ರ, ನಾಟಕದ ಹ್ಯಾಂಡ್‌ಬಿಲ್ಲು, ಪ್ರಗತಿಪತ್ರ, ಊರ ಕೆರೆಯನ್ನೋ ಹಳ್ಳವನ್ನೋ ಹಿನ್ನೆಲೆಯಾಗಿಟ್ಟು ತೆಗೆಸಿಕೊಂಡ ಮದುವೆಯ ಚಿತ್ರ ಇರಬಹುದು. ರದ್ದಿಗೆ ಹಾಕುವ ಮೊದಲು ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಊರು, ವರ್ಷ, ಇರುವವರ ಹೆಸರು ಬರೆಯಿರಿ. ಫೋಟೋ ತೆಗೆದವರ ಹೆಸರು ಗೊತ್ತಿದ್ದರೆ ಅದನ್ನೂ ಬರೆಯಿರಿ. ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಶಾಲೆಯ ನೂರನೆಯ ವರ್ಷದ ಸಂಚಿಕೆಯನ್ನು ಸಿದ್ಧಪಡಿಸುವವರು ಇನ್ನೂ ಹುಟ್ಟಿರಲಿಕ್ಕಿಲ್ಲ. ಅವರಿಗೆ ನಮ್ಮ ಊರಿನ ಈ ದಿನಗಳ ಚರಿತ್ರೆ ಬೇಕಾದಾಗ ಮೊದಲು ಕೈಗೆ ಸಿಗುವುದು ಇಂಥ ಹಾಳೆಗಳೇ.